ಕಮಲಾ ಅಂದರೆ ಯಾವ ಕಮಲಾ?

ಹೋದ ವರ್ಷ ಮಕ್ಕಳ ದಿನಾಚರಣೆಗೆ ನಮ್ಮ ಶಾಲೆಯಲ್ಲಿ ರಸಪ್ರಶ್ನೆ ಸ್ಪರ್ಧೆ ಇಟ್ಟಿದ್ದರು. ಅಂಕ ಬರೆಯುವ ಕೆಲಸ ನನ್ನದು. ‘ಕಮಲಾ ನೆಹರೂ ಯಾರ ಪತ್ನಿ?’ ಎಂದು ಪ್ರಶ್ನೆ ಬಂತು. ಕೇಳಿ ಮುಗಿಸುವ ಮೊದಲೇ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಉತ್ತರ ಹೇಳಿ ಐದು ಅಂಕ ಗಿಟ್ಟಿಸಿದ. ಚಪ್ಪಾಳೆಯೂ ಬಿತ್ತು. ನನಗೆ ಮಾತ್ರ ಆ ಐದು ಬರೆಯಲು ಕೈ ಏಳಲಿಲ್ಲ. ಪ್ರಶ್ನೆಯಲ್ಲೇ ‘ನೆಹರೂ’ ಅಂತ ಇರುವಾಗ ಉತ್ತರ ಹೇಳಲು ಯಾವ ಬುದ್ಧಿ ಬೇಕು? ಆಕೆ ಯಾರು, ಏನು ಮಾಡಿದಳು ಎಂದು ಕೇಳಿದ್ದರೆ ಆ ಹುಡುಗ ಇರಲಿ, ಪ್ರಶ್ನೆ ಕೇಳಿದವರಿಗೂ ಉತ್ತರ ಗೊತ್ತಿತ್ತೋ ಇಲ್ಲವೋ.

ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದೆ. ‘ಮೇಡಂ, ಎಲ್ಲ ಕಡೆ ಕೇಳೋದೇ ಹಾಗೆ. ನೀವು ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಳ್ತೀರಿ? ನಿಮ್ಮ ಹೆಸರೂ ಕಮಲಾ ಅಂತಲೋ?’ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಎಲ್ಲ ಕಡೆ ಕೇಳುವುದೇ ಹಾಗೆ ಎಂಬುದು ನಿಜ. ನನ್ನ ತಕರಾರು ಇರುವುದೂ ಅಲ್ಲಿಯೇ. ಇನ್ನು ನನ್ನ ಹೆಸರಿನ ವಿಷಯ. ಹೌದು, ನನ್ನ ಹೆಸರು ಕಮಲಾ. ಆದರೆ ಆ ಹೆಸರಿನಿಂದ ನನ್ನನ್ನು ಕರೆಯುವುದು ಶಾಲೆಯಲ್ಲಿ ಮಾತ್ರ. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಆ ಕಮಲೆಯ ವಿಷಯವನ್ನೇ ನೋಡೋಣ. ಗಂಡ ಜೈಲಿನಲ್ಲಿದ್ದಾಗ ಅಲಹಾಬಾದಿನ ಹೆಂಗಸರನ್ನು ಕಟ್ಟಿಕೊಂಡು ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿದವರು ಆಕೆ. 1931ರ ಹೊಸ ವರ್ಷದ ದಿನ ಬಂಧನಕ್ಕೊಳಗಾದರು. ಕ್ಷಯದಿಂದ ಜರ್ಜರಿತರಾಗಿ 1936ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡಾಗ ಅವರಿಗಿನ್ನೂ ನಲವತ್ತು ಆಗಿರಲಿಲ್ಲ. ಇಷ್ಟೆಲ್ಲ ಬದುಕನ್ನು ‘ಯಾರ ಪತ್ನಿ’ ಎಂಬ ಎರಡು ಪದದಲ್ಲಿ ಮುಗಿಸಿಬಿಟ್ಟೆವು.

ಅದೇ ಹೆಸರಿನ ಇನ್ನೊಬ್ಬರು ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು, ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಜನನ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ. ಬೇರೆ ಯಾರಾದರೂ ಆಗಿದ್ದರೆ ಅಡಿಗೆಮನೆಯ ಮೂಲೆಯಲ್ಲಿ ಜನ್ಮ ಸವೆಯುತ್ತಿತ್ತು. ಈಕೆ ಮುಂದೆ ಓದಿದರು, ಮೆಚ್ಚಿದವರನ್ನು ಮರುಮದುವೆಯಾದರು, 1926ರಲ್ಲಿ ಮದ್ರಾಸ್ ಶಾಸನಸಭೆಗೆ ಚುನಾವಣೆಗೆ ನಿಂತರು. ಹೆಂಗಸೊಬ್ಬಳು ಓಟಿಗೆ ನಿಲ್ಲುವುದೆಂದರೇನು ಎಂದು ಜನ ಬಾಯಿಬಾಯಿ ಬಿಡುತ್ತಿದ್ದ ಕಾಲದಲ್ಲಿ ಅವರು ಸೋತದ್ದು ಅತಿ ಕಡಿಮೆ ಮತಗಳ ಅಂತರದಿಂದ. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಬೇಕು ಎಂದು ಗಾಂಧೀಜಿಯವರ ಬಳಿಯೇ ಹಟ ಹಿಡಿದವರು, ಬೊಂಬಾಯಿಯ ಷೇರುಪೇಟೆಯೊಳಗೇ ನುಗ್ಗಿ ಉಪ್ಪು ಮಾರಿದವರು. ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿ ಪದವಿಗೆ ಕೈ ಚಾಚದೆ ನೇಕಾರರ, ಕುಶಲಕರ್ಮಿಗಳ ಹಟ್ಟಿಗಳನ್ನು ಸುತ್ತಿದರು. ಇವತ್ತು ನಾವು ಮದುವೆ ಮುಂಜಿಗೆ ಹೆಮ್ಮೆಯಿಂದ ಕೈಮಗ್ಗದ ಸೀರೆ ಉಡುತ್ತೇವಲ್ಲ, ಆ ಸೆರಗಿನಲ್ಲಿ ಇವರ ಬೆವರೂ ಇದೆ.

ಮೂರನೆಯವರು ಕಮಲಾ ಸೊಹೋನಿ. 1933ರಲ್ಲಿ ಬೊಂಬಾಯಿಯಲ್ಲಿ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣು ಎಂಬ ಒಂದೇ ಕಾರಣಕ್ಕೆ ಸೀಟು ಕೊಡಲಿಲ್ಲ. ಈ ಹುಡುಗಿ ಅಳುತ್ತಾ ಮನೆಗೆ ಹೋಗಲಿಲ್ಲ, ನೇರವಾಗಿ ಹೋಗಿ ಕಾರಣ ಕೇಳಿದಳು. ಕೊನೆಗೆ, ಒಂದು ವರ್ಷ ಪರೀಕ್ಷಾರ್ಥ, ಕೆಲಸ ತೃಪ್ತಿಕರವಾಗಿದ್ದರೆ ಮಾತ್ರ ಮುಂದಿನ ಮಾತು ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಆ ಅವಮಾನವನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ. ಅಲ್ಲಿ ಕಲಿತು, ಕೇಂಬ್ರಿಜ್ಜಿಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವರಿದ್ದಾರೆ. ಆಮೇಲೆ ಬಡವರ ಮನೆಯ ಬೇಳೆಕಾಳು, ನೀರಾ ಇವುಗಳ ಪೋಷಕಾಂಶದ ಬಗ್ಗೆ ಸಂಶೋಧನೆ ಮಾಡಿದರು. ಒಂದು ಮಾತು ಗಮನಿಸಿ. ವಿಜ್ಞಾನ ಮಂದಿರದ ಬಾಗಿಲು ಬಡಿದವಳು, ಕೇಂಬ್ರಿಜ್ಜಿನ ಪದವಿ ಪಡೆದವಳು ಕಮಲಾ ಭಾಗವತ್. ಸೊಹೋನಿ ಎಂಬುದು 1947ರಲ್ಲಿ ಮದುವೆಯಾದ ಮೇಲೆ ಬಂದ ಹೆಸರು. ಹೋರಾಡಿದ ಹುಡುಗಿಯ ಹೆಸರು ಹಿಂದೆ ಸರಿದು, ಗೃಹಿಣಿಯ ಹೆಸರು ಪುಸ್ತಕಕ್ಕೆ ಹೋಯಿತು.

ನಮ್ಮ ಕಮಲಾ ಹಂಪನಾ ಅವರನ್ನು ಬಿಡಲಾದೀತೇ? ದೇವನಹಳ್ಳಿಯಲ್ಲಿ ಹುಟ್ಟಿ, ಕಾಲೇಜುಗಳಲ್ಲಿ ಕನ್ನಡ ಕಲಿಸಿ, ಜೈನ ಸಾಹಿತ್ಯವನ್ನು ಅರೆದು ಕುಡಿದವರು. 2003ರಲ್ಲಿ ಮೂಡಬಿದಿರೆಯಲ್ಲಿ 71ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತಾಗ ನನ್ನಂಥ ಕನ್ನಡ ಟೀಚರುಗಳಿಗೆ ನಾವೇ ಕೂತಷ್ಟು ಹಿಗ್ಗು. 2024ರಲ್ಲಿ ತೀರಿಕೊಂಡರು. ಇನ್ನು ಕೇರಳದ ಕಮಲಾ ದಾಸ್. ಮಲಯಾಳಂ ಓದುವವರಿಗೆ ಮಾಧವಿಕುಟ್ಟಿ, ಇಂಗ್ಲಿಷ್ ಓದುವವರಿಗೆ ಕಮಲಾ ದಾಸ್, 1999ರಲ್ಲಿ ಮತಾಂತರವಾದ ಮೇಲೆ ಕಮಲಾ ಸುರಯ್ಯಾ. ಕಡಲಾಚೆಯ ಕಮಲಾ ಹ್ಯಾರಿಸ್ 2021ರಿಂದ 2025ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದರು. ತಮಿಳು ಮೂಲದ ತಾಯಿ ಶ್ಯಾಮಲಾ ಗೋಪಾಲನ್ ಇಟ್ಟ ಹೆಸರನ್ನು ಅಲ್ಲಿಯವರ ನಾಲಿಗೆ ತಿರುಗದಿದ್ದರೂ ಬಿಡಲಿಲ್ಲ, ಮದುವೆಯಾದ ಮೇಲೂ ಬದಲಾಯಿಸಲಿಲ್ಲ.

ಹೆಸರಿನಲ್ಲಿ ಭಾಗ್ಯವಿದೆ ಎಂದು ಅಕ್ಷರ ಎಣಿಸಿ, ಒಂದು ‘ಎ’ ಹೆಚ್ಚು ಸೇರಿಸಿ ಎಂದು ದುಡ್ಡು ಕೀಳುವವರಿಗೆ ಈ ಪಟ್ಟಿ ತೋರಿಸಬೇಕು. ಒಂದೇ ಹೆಸರು, ಒಬ್ಬೊಬ್ಬರ ಹಣೆಬರಹ ಒಂದೊಂದು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

‘ಒಂದೇ ಹೆಸರಿನವರು ಇಷ್ಟು ಜನ ಇರುವಾಗ ಗಂಡನ ಹೆಸರು ಸೇರಿಸಿದರೆ ತಾನೇ ಗುರುತು ಸಿಗುವುದು?’ ಎಂದು ನೀವು ಕೇಳಬಹುದು. ಅದಕ್ಕೂ ಉತ್ತರವಿದೆ. ಮೈಸೂರಿನವರಾದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಮೊದಲ ಪತ್ನಿ ಭರತನಾಟ್ಯದ ಪ್ರಸಿದ್ಧ ಕಲಾವಿದೆ ಕುಮಾರಿ ಕಮಲಾ. ಎರಡನೆಯ ಪತ್ನಿಯ ಹೆಸರೂ ಕಮಲಾ. ಅವರು ತಾಮಾ ಎಂಬ ಆನೆಮರಿಯ ಕಥೆಗಳನ್ನು ಮಕ್ಕಳಿಗಾಗಿ ಬರೆದವರು. ಇಬ್ಬರೂ ಕಮಲಾ ಲಕ್ಷ್ಮಣ್! ಈಗ ಹೇಳಿ, ಗಂಡನ ಹೆಸರಿನಿಂದ ಗುರುತು ಹಿಡಿಯಿರಿ ನೋಡೋಣ. ಒಬ್ಬರನ್ನು ಗೆಜ್ಜೆಯಿಂದ, ಇನ್ನೊಬ್ಬರನ್ನು ಲೇಖನಿಯಿಂದ ಗುರುತಿಸದೆ ಬೇರೆ ದಾರಿಯೇ ಇಲ್ಲ.

ಇನ್ನು ನನ್ನ ಕಥೆ. 1995ರಲ್ಲಿ ನನ್ನ ಮದುವೆಯಾಯಿತು. ಬಿ.ಎ., ಬಿ.ಎಡ್. ಮುಗಿದಿತ್ತು. ನಿಶ್ಚಿತಾರ್ಥದ ದಿನವೇ ಗಂಡಿನ ಕಡೆಯ ಹಿರಿಯರೊಬ್ಬರು, ‘ನಮ್ಮ ಅತ್ತಿಗೆಯ ಹೆಸರೂ ಕಮಲಮ್ಮ. ಅತ್ತೆ ಸೊಸೆ ಇಬ್ಬರಿಗೂ ಒಂದೇ ಹೆಸರು ಸರಿಹೋಗುವುದಿಲ್ಲ, ಹೆಸರು ಬದಲಾಯಿಸೋಣ’ ಎಂದರು. ನಮ್ಮಪ್ಪ ‘ಅದಕ್ಕೇನಂತೆ’ ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಪರಾತದಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ‘ಶ್ರೀಲಕ್ಷ್ಮಿ’ ಎಂದು ಬರೆಸಿದರು. ಇಪ್ಪತ್ತೈದು ವರ್ಷ ನಾನು ಓಗೊಟ್ಟ ಹೆಸರು ಒಂದು ನಿಮಿಷದಲ್ಲಿ ಹೋಯಿತು. ಮೊದಲ ಕೆಲವು ತಿಂಗಳು ‘ಶ್ರೀಲಕ್ಷ್ಮೀ’ ಎಂದು ಕರೆದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ‘ಸೊಸೆಗೆ ಕಿವಿ ಮಂದ’ ಎಂದು ಪಕ್ಕದ ಮನೆಯವರು ಆಡಿಕೊಂಡರು.

ಆಮೇಲೆ ಶುರುವಾಯಿತು ಕಾಗದದ ಕಾಟ. ಮಾರ್ಕ್ಸ್ ಕಾರ್ಡಿನಲ್ಲಿ ಕಮಲಾ, ರೇಷನ್ ಕಾರ್ಡಿನಲ್ಲಿ ಶ್ರೀಲಕ್ಷ್ಮಿ. ಸಂಬಳದ ಪಟ್ಟಿಯಲ್ಲಿ ಕಮಲಾ, ಓಟರ್ ಲಿಸ್ಟಿನಲ್ಲಿ ಶ್ರೀಲಕ್ಷ್ಮಿ. ಮನೆ ಕಟ್ಟಲು ಸಾಲಕ್ಕೆ ಹೋದಾಗ ಅಧಿಕಾರಿಯೊಬ್ಬರು, ‘ಇವರಿಬ್ಬರೂ ಒಬ್ಬರೇ ಅನ್ನೋದಕ್ಕೆ ಏನಮ್ಮ ಸಾಕ್ಷಿ?’ ಎಂದು ಕೇಳಿದರು. ಛಾಪಾ ಕಾಗದ ಕೊಂಡು, ನೋಟರಿ ಮುಂದೆ ನಿಂತು, ಕಮಲಾ ಮತ್ತು ಶ್ರೀಲಕ್ಷ್ಮಿ ಎಂಬ ಇಬ್ಬರೂ ನಾನೊಬ್ಬಳೇ ಎಂದು ಪ್ರಮಾಣ ಮಾಡಿದೆ. ಎಂಥ ತಮಾಷೆ ನೋಡಿ! ಅಷ್ಟೊಂದು ಜನ ಕಮಲೆಯರನ್ನು ಒಬ್ಬೊಬ್ಬರಾಗಿ ಗುರುತಿಸಲಾರದ ಜಗತ್ತು, ಒಬ್ಬಳೇ ಕಮಲೆಯನ್ನು ಇಬ್ಬರನ್ನಾಗಿ ಮಾಡಿ ಸಾಕ್ಷಿ ಕೇಳುತ್ತದೆ. ನಮ್ಮ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಹುಟ್ಟಿದ ದಿನ ಇಟ್ಟ ಹೆಸರಿನಲ್ಲೇ ಅವರ ಸಹಿ ನಿರಾಯಾಸವಾಗಿ ಮುಗಿಯಿತು.

ಇದು ನನ್ನೊಬ್ಬಳ ಪಾಡಲ್ಲ. ನೆಹರೂ ಅವರ ತಂಗಿ ಸ್ವರೂಪ್ ಮದುವೆಯಾದ ಮೇಲೆಯೇ ವಿಜಯಲಕ್ಷ್ಮಿ ಪಂಡಿತ್ ಆದದ್ದು. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾದದ್ದೂ ಆ ಹೆಸರಿನಲ್ಲೇ. ಅಷ್ಟು ದೊಡ್ಡ ಮನೆತನದಲ್ಲೇ ಹೀಗೆ ಎಂದರೆ ನಮ್ಮ ನಿಮ್ಮ ಮನೆಯ ಮಾತೇನು?

ಹೆಸರು ಬದಲಾಯಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ತ್ರಿವೇಣಿಯವರಿಗೆ ಹುಟ್ಟಿದಾಗಿನ ಹೆಸರು ಭಾಗೀರಥಿ, ಶಾಲೆಯಲ್ಲಿ ಅನಸೂಯಾ, ಬರಹಕ್ಕೆ ತ್ರಿವೇಣಿ. ಕಮಲಾ ದಾಸ್ ಸುರಯ್ಯಾ ಆದದ್ದು ಒಪ್ಪಿಗೆಯೋ ಇಲ್ಲವೋ, ಅದು ಅವರದೇ ತೀರ್ಮಾನ. ತಾನಾಗಿ ಇಟ್ಟುಕೊಂಡ ಹೆಸರು ಉಟ್ಟ ಸೀರೆಯ ಹಾಗೆ, ಬೇಕೆಂದು ಆರಿಸಿದ್ದು. ಬೇರೆಯವರು ಅಕ್ಕಿಯ ಮೇಲೆ ಬರೆದು ಕೊಟ್ಟದ್ದು ಹಾಗಲ್ಲ. ಯಾರು ಬದಲಾಯಿಸಿದರು, ಆಕೆಯನ್ನು ಕೇಳಿದರೇ ಎಂಬುದಷ್ಟೇ ನನ್ನ ಪ್ರಶ್ನೆ.

ನಾವು ಟೀಚರುಗಳೂ ಕಡಿಮೆಯೇನಲ್ಲ. ನನ್ನ ಒಂಬತ್ತನೆಯ ತರಗತಿಯಲ್ಲಿ ಮೂವರು ಕಾವ್ಯಾ ಇದ್ದರು. ಹಾಜರಿ ಕರೆಯುವಾಗ ಇನಿಷಿಯಲ್, ಆಡುವಾಗ ‘ಬಿಳಿ ಕಾವ್ಯಾ, ಕಪ್ಪು ಕಾವ್ಯಾ, ದಪ್ಪ ಕಾವ್ಯಾ’. ಹುಡುಗರು ಇಟ್ಟ ಹೆಸರು ಅವು. ನಾವೂ ಅನುಕೂಲವಾಯಿತೆಂದು ಹಾಗೇ ಕರೆದೆವು. ಒಂದು ದಿನ ಆ ‘ಕಪ್ಪು ಕಾವ್ಯಾ’ ನೋಟ್‌ಬುಕ್ಕಿನ ಮೇಲೆ ತನ್ನ ಹೆಸರು ಬರೆದು ಅದನ್ನು ಶಾಯಿಯಿಂದ ಹೊಡೆದು ಹಾಕಿದ್ದು ಕಣ್ಣಿಗೆ ಬಿತ್ತು. ನನಗೆ ನಾಚಿಕೆಯಾಯಿತು. ಮರುದಿನದಿಂದ ಹಾಡುವ ಕಾವ್ಯಾ, ಕೊಕ್ಕೊ ಕಾವ್ಯಾ, ಲೆಕ್ಕದ ಕಾವ್ಯಾ ಎಂದು ಕರೆಯಲು ಶುರುಮಾಡಿದೆ. ಲೆಕ್ಕದ ಕಾವ್ಯಾ ಯಾರೆಂದು ನೀವೇ ಊಹಿಸಿ.

ಕೊನೆಯದೊಂದು ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದರು. ರಾತ್ರಿ ನಾನೇ ಕಾವಲು. ನರ್ಸ್ ಬಂದು ಚೀಟಿ ನೋಡಿ ‘ಕಮಲಮ್ಮಾ’ ಎಂದು ಕರೆದಳು. ಅಭ್ಯಾಸಬಲ, ನಾನು ‘ಹ್ಞಾಂ’ ಎಂದೆ. ಅತ್ತೆಗೆ ನಗು ಬಂತು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹೇಳಿದರು: ‘ಆ ಹೆಸರು ನಂದೂ ಅಲ್ಲ ಕಣೇ. ನಂಗೆ ಅಪ್ಪ ಇಟ್ಟಿದ್ದು ನಾಗವೇಣಿ ಅಂತ. ಈ ಮನೆಗೆ ಬಂದಾಗ ಕಮಲ ಅಂತ ಮಾಡಿದ್ರು. ಅಪ್ಪ ಅಮ್ಮ ಹೋದ ಮೇಲೆ ನಾಗೂ ಅಂತ ಕರೆಯೋರು ಯಾರೂ ಉಳೀಲಿಲ್ಲ.’

ನಾನು ಯಾವ ಹೆಸರಿಗಾಗಿ ನನ್ನ ಹೆಸರು ಬಿಟ್ಟುಕೊಟ್ಟಿದ್ದೆನೋ ಆ ಹೆಸರು ಅವರದಾಗಿರಲೇ ಇಲ್ಲ! ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಒಲೆಯಲ್ಲಿ ಬೇಯಿಸಿದೆವು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆ ರಾತ್ರಿ ಅವರನ್ನು ‘ನಾಗವೇಣಮ್ಮಾ’ ಎಂದು ಕರೆದೆ. ಅವರು ಓಗೊಟ್ಟ ರೀತಿ ಇನ್ನೂ ನನ್ನ ಕಿವಿಯಲ್ಲಿದೆ.

ಈಗ ಅವರಿಲ್ಲ. ಮನೆಯ ಗೋಡೆಯ ಮೇಲಿನ ಫೋಟೋದ ಕೆಳಗೆ ‘ಕಮಲಮ್ಮ’ ಎಂದು ಬರೆಸಲು ಹೊರಟಾಗ ನಾನು ತಡೆದು, ‘ನಾಗವೇಣಿ’ ಎಂದೂ ಸೇರಿಸಿಸಿದೆ. ನೆಂಟರು ಯಾರಿದು ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ತಾಯಂದಿರೇ, ಸೊಸೆ ತರುವವರೇ, ಅಕ್ಕಿ ಹರಡುವ ಮೊದಲು ಆ ಹುಡುಗಿಯನ್ನು ಒಂದು ಮಾತು ಕೇಳಿ. ಅದಕ್ಕೂ ಮೊದಲು ನಿಮ್ಮ ಅತ್ತೆಯ ಹತ್ತಿರ ಕೂತು, ಅವರ ತವರಿನ ಹೆಸರೇನೆಂದು ಕೇಳಿಕೊಂಡು ಬನ್ನಿ.