ಬಂಡೆಯ ವಯಸ್ಸು ಕಾರ್ಬನ್ ಡೇಟಿಂಗ್‌ನಿಂದ ತಿಳಿಯುತ್ತದೆಯೇ? ಐಸೊಟೋಪ್, ಐಸೊಬಾರ್ ವ್ಯತ್ಯಾಸ ಇಲ್ಲಿದೆ

ಕೆಂಪೇಗೌಡರ ಸಮಾಧಿಯಿರುವ ಮಾಗಡಿ ತಾಲ್ಲೂಕಿನ ಕೆಂಪಾಪುರ ನಿಮಗೆ ಗೊತ್ತಿರಬಹುದು. ಅದೇ ತಾಲ್ಲೂಕಿನ ಸಾವನದುರ್ಗ, ಅತ್ತ ರಾಮನಗರದ ‘ಶೋಲೆ’ ಬೆಟ್ಟ ಎರಡೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಶಿಲೆಯವು (ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು). ವಯಸ್ಸು ಸುಮಾರು 250 ಕೋಟಿ ವರ್ಷ. ಇದನ್ನು ಕಾರ್ಬನ್ ಡೇಟಿಂಗ್‌ನಿಂದ ಕಂಡುಹಿಡಿದರು ಎಂಬ ಫಾರ್ವರ್ಡ್ ಬಂದರೆ ನಂಬಬೇಡಿ. ಆ ವಿಧಾನ ಮರ, ಮೂಳೆ, ಇದ್ದಿಲಿನಂತಹ ಜೀವಮೂಲದ ವಸ್ತುಗಳಿಗೆ. ಅದೂ ಸುಮಾರು 50,000 ವರ್ಷದವರೆಗೆ.

ಬಂಡೆಗೆ ಬೇರೆ ಗಡಿಯಾರಗಳಿವೆ. ಅವುಗಳಲ್ಲೊಂದು ರುಬಿಡಿಯಂ-87. ಇದರ ಪರಮಾಣುವಿನಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾದರೆ 37 ಪ್ರೋಟಾನ್ 38 ಆಗುತ್ತದೆ, ಧಾತುವೇ ಬದಲಾಗಿ ಸ್ಟ್ರಾನ್ಷಿಯಂ-87 ಸಿಗುತ್ತದೆ. ಬಹಳ ನಿಧಾನದ ಕೆಲಸ: ಅರ್ಧದಷ್ಟು ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು! ಪ್ರೋಟಾನ್, ನ್ಯೂಟ್ರಾನ್ ಕೂಡಿಸಿದ ಲೆಕ್ಕ ಮಾತ್ರ 87 ಆಗಿಯೇ ಉಳಿಯುತ್ತದೆ. ಹೀಗೆ ಧಾತು ಬೇರೆಯಾಗಿ, ಒಟ್ಟು ಲೆಕ್ಕ ಒಂದೇ ಆಗಿದ್ದರೆ ಅವು ಐಸೊಬಾರ್‌ಗಳು.

ಸ್ಟ್ರಾನ್ಷಿಯಂ-86 ಮತ್ತು 87? ಎರಡರಲ್ಲೂ 38 ಪ್ರೋಟಾನ್, ಹಾಗಾಗಿ ಧಾತು ಒಂದೇ. ನ್ಯೂಟ್ರಾನ್ ಮಾತ್ರ 48 ಮತ್ತು 49. ಇವು ಐಸೊಟೋಪ್‌ಗಳು. ಅಂದಹಾಗೆ, ಐಸೊಟೋಪ್ ಎಂದ ಕೂಡಲೇ ವಿಕಿರಣ ಎಂದು ಹೆದರಬೇಕಿಲ್ಲ. ಇವೆರಡೂ ವಿಕಿರಣ ಸೂಸುವುದಿಲ್ಲ.

ಈ ವ್ಯತ್ಯಾಸ ಪರೀಕ್ಷೆಯ ಎರಡು ಅಂಕಕ್ಕಷ್ಟೇ ಅಲ್ಲ. ಐಸೊಟೋಪ್‌ಗಳನ್ನು ತೂಕದ ಮೇಲೆ ವಿಂಗಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ರುಬಿಡಿಯಂ-87, ಸ್ಟ್ರಾನ್ಷಿಯಂ-87 ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತವೆ. ಧಾತು ಬೇರೆಯಾದ್ದರಿಂದ ರಾಸಾಯನಿಕ ಗುಣವೂ ಬೇರೆ. ಹಾಗಾಗಿ ಕಲ್ಲಿನ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಇವೆರಡನ್ನೂ ಮೊದಲೇ ಬೇರ್ಪಡಿಸುತ್ತಾರೆ. ರುಬಿಡಿಯಂ ಉಳಿದು, ಅದನ್ನು ಲೆಕ್ಕದಿಂದ ಕಳೆಯದೇ ಹೋದರೆ ಬೆಟ್ಟದ ವಯಸ್ಸೇ ತಪ್ಪಾಗುತ್ತದೆ.