ಎಷ್ಟು ಎಂಎಂ ಕ್ಲಿಪ್ ಬೇಕು?

ಮನೆಯಿಂದಲೇ ಆಫೀಸ್ ಕೆಲಸ ಮಾಡೋ ನಮ್ಮಂಥವರದ್ದು ಒಂದೇ ಕತೆ: ರೂಟರ್ ಹಾಲ್‌ನಲ್ಲಿ, ಟೇಬಲ್ ರೂಮಿನಲ್ಲಿ, ನಡುವೆ ಓಡಾಡೋ ಜಾಗಕ್ಕೆ ಅಡ್ಡವಾಗಿ ಒಂದು ಕೇಬಲ್. ನಾವು ಅಭ್ಯಾಸಬಲದಿಂದ ದಾಟಿಬಿಡ್ತೀವಿ. ಊರಿಂದ ಬಂದ ಅಮ್ಮ ರಾತ್ರಿ ನೀರು ಕುಡಿಯೋಕೆ ಎದ್ದರೆ ಅವರ ಕಾಲಿಗೆ ಸಿಕ್ಕೋದು ಅದೇ. ಆ ವಯಸ್ಸಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಹಾಗಾಗಿ ಕೇಬಲ್‌ಗೆ ಕ್ಲಿಪ್ ಹೊಡೆಯೋದನ್ನ ನಾನು ಬರೀ ಅಂದಚಂದದ ಕೆಲಸ ಅಂದ್ಕೊಂಡಿಲ್ಲ.

ಅಂಗಡಿಯಲ್ಲಿ ಮೊದಲು ಕೇಳೋದೇ ‘ಎಷ್ಟು ಎಂಎಂ?’ ಅಂತ. ಕೇಬಲ್ಲಿನ ದಪ್ಪ ಅಳೆದುಕೊಂಡು ಹೋಗಿ. ದುಂಡನೆಯ ಕ್ಯಾಟ್ 6 ಲ್ಯಾನ್ ಕೇಬಲ್ ಸುಮಾರು 6 ಎಂಎಂ ಇರುತ್ತೆ. ಚಪ್ಪಟೆ ಕೇಬಲ್‌ಗೆ ಚಪ್ಪಟೆ ಕ್ಲಿಪ್ಪೇ ಬೇಕು. ಫೈಬರ್ ಆದರೆ ಇನ್ನೂ ಹುಷಾರು, ಒಳಗಿರೋದು ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಬಿಗಿಯಾದ ಕ್ಲಿಪ್ಪಲ್ಲಿ ಹಿಸುಕಿದರೆ, ಮೂಲೆಯಲ್ಲಿ ಕಾಗದದ ಹಾಗೆ ಮಡಚಿದರೆ ಬೆಳಕು ಸೋರಿ ಸಿಗ್ನಲ್ ಕುಸಿಯುತ್ತೆ. ಮೀಟಿಂಗ್ ಮಧ್ಯೆ ನೆಟ್ ಹೋದಾಗ ಬೈಗುಳ ಮಾತ್ರ ಕಂಪನಿಯವರಿಗೆ! ಮೂಲೆಯಲ್ಲಿ ದುಂಡಗೆ ತಿರುಗಿಸಿ, ತಿರುವಿನ ಆಚೀಚೆ ಒಂದೊಂದು ಕ್ಲಿಪ್ ಹಾಕಿ.

ಆಮೇಲೆ ಗೋಡೆ. ಪ್ಲಾಸ್ಟರ್ ಮಾಡಿದ ಇಟ್ಟಿಗೆ ಗೋಡೆಗೆ ಕ್ಲಿಪ್ ಜೊತೆ ಬರೋ ಸ್ಟೀಲ್ ಮೊಳೆ ಸಾಕು. ಪಿಲ್ಲರ್ರೋ ಬೀಮೋ ಸಿಕ್ಕಿದರೆ ಅದು ಕಾಂಕ್ರೀಟು, ಮೊಳೆ ಚಿಮ್ಮಿ ಕಣ್ಣಿಗೆ ಬಡಿಯಬಹುದು, ಪ್ಲಾಸ್ಟರ್ ಚಕ್ಕೆ ಏಳುತ್ತೆ. ಅಲ್ಲಿ ಅಂಟಿನ ಕ್ಲಿಪ್ ವಾಸಿ. ಆದರೆ ಕೈಯಾಡಿಸಿದರೆ ಬಿಳಿ ಪುಡಿ ಹತ್ತೋ ಗೋಡೆಗೆ ಅಂಟು ನಿಲ್ಲಲ್ಲ. ಬಾಡಿಗೆ ಮನೆಯಲ್ಲಿ ಅಂಟೇ ಕ್ಷೇಮ ಅನ್ನೋದನ್ನ ನಾನು ಒಪ್ಪಲ್ಲ. ಮೊಳೆ ತೂತಿಗೆ ಚಿಟಿಕೆ ಪುಟ್ಟಿ ಸಾಕು, ಅಂಟು ಕಿತ್ತರೆ ಅಂಗೈಯಗಲ ಪೇಂಟೇ ಎದ್ದುಬರಬಹುದು. ಅಡ್ವಾನ್ಸ್ ವಾಪಸ್ ಕೊಡುವಾಗ ಓನರ್ ಕಣ್ಣಿಗೆ ಬೀಳೋದು ಯಾವುದು, ನೀವೇ ಹೇಳಿ.

ಬಾಗಿಲ ಪಕ್ಕದ ಮರದ ಬೀಡಿಂಗ್ ಸಡಿಲಾಗಿದ್ದರೆ ಈ ಸ್ಟೀಲ್ ಮೊಳೆ ಬೇಡ, ತೆಳು ಪಟ್ಟಿ ಸೀಳುತ್ತೆ. ತಲೆ ಚಿಕ್ಕದಿರೋ ಸಣ್ಣ ಮೊಳೆ ಕೇಳಿ, ಪಟ್ಟಿಯ ತುದಿ ಬಿಟ್ಟು ಸ್ವಲ್ಪ ಒಳಗೆ ಹೊಡೆಯಿರಿ.

ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಅಕ್ಕಪಕ್ಕ ಮೊಳೆ ಹೊಡೆಯಲೇಬೇಡಿ. 230 ವೋಲ್ಟ್ ವೈರಿನ ಪೈಪ್ ಸಾಮಾನ್ಯವಾಗಿ ಗೋಡೆಯೊಳಗೆ ಅಲ್ಲೇ ಹಾದಿರುತ್ತೆ. ಬಾತ್‌ರೂಮಿಗೆ ಅಂಟಿದ ಗೋಡೆಯಲ್ಲಿ ನೀರಿನ ಪೈಪ್. ಇನ್ನು ಎಕ್ಸ್‌ಟೆನ್ಷನ್ ಬಾಕ್ಸಿನ ವೈರನ್ನ ಕ್ಲಿಪ್ ಹೊಡೆದು ಕಾಯಂ ಮಾಡೋರಿದ್ದಾರೆ. ಅದಕ್ಕೆ ಎಲೆಕ್ಟ್ರಿಷಿಯನ್ ಕರೆಸಿ ಒಂದು ಪಾಯಿಂಟ್ ಹಾಕಿಸಿ.