ಮಕ್ಕಳು ಓದಿದ ವಿಷಯವನ್ನು ದೂರುವುದು ಇನ್ನು ಸಾಕು

ನವಿಮುಂಬಯಿಯ ಕಾಮೋಠೆಯಲ್ಲಿ ಯಾವ ಸೊಸೈಟಿಯ ಗೇಟಿನಲ್ಲಿ ನಿಂತು ಕೇಳಿದರೂ ಉತ್ತರ ಒಂದೇ. ಪಕ್ಕದ ಮನೆಯ ಹುಡುಗಿಗೆ ಬಿ.ಎ. ಮುಗಿಸಿ ಎರಡು ವರ್ಷವಾದರೂ ಕೆಲಸ ಸಿಕ್ಕಿಲ್ಲವೇ? ಆರ್ಟ್ಸ್ ತಗೊಂಡದ್ದೇ ತಪ್ಪು. ಮೂರನೆಯ ಮಹಡಿಯ ಹುಡುಗ ಬಿ.ಕಾಂ. ಆಗಿಯೂ ಸೇಲ್ಸ್ ಬ್ಯಾಗ್ ಹೊತ್ತು ಅಲೆಯುತ್ತಿದ್ದಾನೆಯೇ? ಸಿ.ಎ. ಮಾಡಬೇಕಿತ್ತು. ಮೆಕ್ಯಾನಿಕಲ್ ಇಂಜಿನಿಯರ್ ಮನೆಯಲ್ಲಿ ಕೂತಿದ್ದಾನೆಯೇ? ಬ್ರಾಂಚ್ ತಪ್ಪು, ಕಂಪ್ಯೂಟರ್ ಹಿಡಿಯಬೇಕಿತ್ತು. ಕಂಪ್ಯೂಟರ್ ಓದಿದವನಿಗೂ ಇಲ್ಲವೇ? ಎಐ ಕಲಿಯಬೇಕಿತ್ತು. ಓದಿದ್ದು ಯಾವುದೇ ಆಗಲಿ, ಕೊನೆಗೆ ಕಟಕಟೆಯಲ್ಲಿ ನಿಲ್ಲುವುದು ಓದಿದ ಮಗುವೇ. ಕೆಲಸ ಕೊಡಬೇಕಾದವರ ಹೆಸರು ಆ ಮಾತುಕತೆಯಲ್ಲಿ ಒಮ್ಮೆಯೂ ಬರುವುದಿಲ್ಲ.

ಈ ಮಾತು ಬರೀ ಹರಟೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇದನ್ನು ನಂಬಿ ತಂದೆತಾಯಿ ಸಾಲ ಮಾಡುತ್ತಾರೆ. ಇದನ್ನು ನಂಬಿ ಚರಿತ್ರೆ ಇಷ್ಟಪಡುವ ಹುಡುಗಿಯನ್ನು ಗಣಿತದ ಟ್ಯೂಷನ್ನಿಗೆ ತಳ್ಳುತ್ತಾರೆ. ಇದನ್ನು ನಂಬಿ ಇಪ್ಪತ್ತೆರಡರ ಹುಡುಗ ತಾನು ಅಯೋಗ್ಯನೆಂದು ತೀರ್ಮಾನಿಸಿ ನೆಂಟರ ಮದುವೆಗೂ ಹೋಗದೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಹಾಗಾಗಿ ಸ್ಪಷ್ಟವಾಗಿ ಹೇಳುತ್ತೇನೆ: ನಮ್ಮಂಥ ಊರಿನಲ್ಲಿ ಕೆಲಸ ಸಿಗದಿರುವುದಕ್ಕೆ ಓದಿದ ವಿಷಯ ಕಾರಣವಲ್ಲ. ಕಾರಣ ಎಂದು ಹೇಳುವವರು ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದಾರೆ.

ಒಂದು ಅಂಕಿಯನ್ನು ಎಲ್ಲರೂ ಬಾಯಿಪಾಠ ಮಾಡಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ದೆಹಲಿಯ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಡೆವಲಪ್‌ಮೆಂಟ್ ಕೂಡ ಸೇರಿ 2024ರಲ್ಲಿ ಭಾರತದ ಉದ್ಯೋಗ ವರದಿ ಹೊರತಂದವು. ಅದರ ಪ್ರಕಾರ 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ. 3.4. ಪದವಿ ಪಡೆದ ಯುವಜನರಲ್ಲಿ ಶೇ. 29.1. ಅಂದರೆ ಸುಮಾರು ಒಂಬತ್ತು ಪಟ್ಟು. ಅದು ಬಿ.ಎ.ಯವರ ಲೆಕ್ಕವಲ್ಲ, ಒಟ್ಟು ಯುವ ಪದವೀಧರರ ಲೆಕ್ಕ. ಹತ್ತರಲ್ಲಿ ಮೂವರು ಯುವ ಪದವೀಧರರಿಗೆ ಕೆಲಸವಿಲ್ಲದ ದೇಶದಲ್ಲಿ ಆ ಮೂವರೂ ತಪ್ಪು ವಿಷಯ ಆರಿಸಿಕೊಂಡರೆನ್ನುವುದು ನೀರಿಲ್ಲದ ಬಾವಿಯ ಮುಂದೆ ನಿಂತು ಹಗ್ಗ ಗಿಡ್ಡವಾಯಿತೆಂದು ದೂರಿದ ಹಾಗೆ.

ಕಾಮೋಠೆಯ ಸುತ್ತ ಇರುವ ಕೆಲಸಗಳಾದರೂ ಯಾವುವು, ಒಮ್ಮೆ ನೋಡಿ. ಹೆದ್ದಾರಿಯ ಆಚೆ ಕಳಂಬೋಲಿಯ ಉಕ್ಕು ಮಾರುಕಟ್ಟೆ. ಅದರಾಚೆ ತಳೋಜಾ ಕೈಗಾರಿಕಾ ಪ್ರದೇಶದ ರಾಸಾಯನಿಕ, ಔಷಧಿ ಕಾರ್ಖಾನೆಗಳು. ಪಶ್ಚಿಮಕ್ಕೆ ಹೋದರೆ ನ್ಹಾವಾ ಶೇವಾದ ಬಂದರು, ಬಂದರನ್ನು ನೆಚ್ಚಿಕೊಂಡ ಕಂಟೇನರ್ ಯಾರ್ಡುಗಳು, ಗೋದಾಮುಗಳು. ಖಾರ್ಘರ್, ಬೇಲಾಪುರದ ಆಫೀಸುಗಳು. ಊರೊಳಗೆ ಎಂಜಿಎಂ ಆಸ್ಪತ್ರೆ, ಶಾಲೆಗಳು, ಸಾಲು ಸಾಲು ಅಂಗಡಿಗಳು. ಇಲ್ಲಿ ಬಹುಪಾಲು ಕಡೆ ಕೇಳುವುದು ಏನು? ಟ್ಯಾಲಿ ಬರುತ್ತದೆಯೇ, ಎಕ್ಸೆಲ್ ಬರುತ್ತದೆಯೇ, ಮರಾಠಿ-ಹಿಂದಿ-ಇಂಗ್ಲಿಷ್ ಮೂರರಲ್ಲೂ ಫೋನ್ ಎತ್ತಬಲ್ಲೆಯಾ, ರಾತ್ರಿ ಪಾಳಿಗೆ ಬರುತ್ತೀಯಾ, ಬೈಕಿನ ಲೈಸೆನ್ಸ್ ಇದೆಯೇ. ಬಿಲ್ಲಿಂಗ್, ಡಿಸ್‌ಪ್ಯಾಚ್, ಸ್ಟೋರ್ಸ್, ಡಾಕ್ಯುಮೆಂಟೇಷನ್, ರಿಸೆಪ್ಷನ್ - ಇವನ್ನು ಮಾಡುವವನು ರಾಜ್ಯಶಾಸ್ತ್ರ ಓದಿದ್ದನೋ ರಸಾಯನಶಾಸ್ತ್ರ ಓದಿದ್ದನೋ ಯಾರಿಗೂ ಬೇಕಿಲ್ಲ. ಡಾಕ್ಟರು, ನರ್ಸು, ಫಿಟ್ಟರು, ಲೆಕ್ಕ ಪರಿಶೋಧಕರು ಬೇರೆ ಮಾತು. ಆ ಓದಿಲ್ಲದೆ ಆ ಕೆಲಸಕ್ಕೆ ಕಾಲಿಡಲಾಗದು. ಉಳಿದ ಕಡೆ ಡಿಗ್ರಿ ಎನ್ನುವುದು ಅರ್ಜಿಗಳ ರಾಶಿಯನ್ನು ಸಣ್ಣದು ಮಾಡುವ ಜರಡಿ, ಅಷ್ಟೇ. ಹುಡುಗನನ್ನು ಒಳಗೆ ಬಿಡುವುದು ಪರಿಚಯಸ್ಥರೊಬ್ಬರ ಫೋನು, ಇಲ್ಲವೇ ಲೇಬರ್ ಸಪ್ಲೈ ಏಜೆಂಟ್. ಆ ಏಜೆಂಟ್ ಹನ್ನೊಂದು ತಿಂಗಳಿಗೆ ತೆಗೆದುಕೊಂಡು ಹನ್ನೆರಡನೆಯ ತಿಂಗಳಲ್ಲಿ ಹೊರಹಾಕುತ್ತಾನೆ.

2024ರ ಜುಲೈಯಲ್ಲಿ ಮುಂಬಯಿಯ ಕಲೀನಾದಲ್ಲಿ ಆದದ್ದು ಇಷ್ಟು ಬೇಗ ಮರೆತುಹೋಯಿತೇ? ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತುವ, ಇಳಿಸುವ ಕೆಲಸಗಳಿಗೆ ನೇರ ಸಂದರ್ಶನ ಎಂದು ಪ್ರಕಟಣೆ ಕೊಟ್ಟರು. ಸುಮಾರು 2,200 ಜಾಗ. ಹತ್ತನೆಯದು ಪಾಸಾಗಿದ್ದರೆ ಸಾಕಿತ್ತು. ಬಂದವರು 15,000ಕ್ಕೂ ಹೆಚ್ಚು. ನೂಕುನುಗ್ಗಲಿನಲ್ಲಿ ಕಾಲ್ತುಳಿತವಾಗುವ ಸ್ಥಿತಿ ಬಂದು, ಬಯೋಡೇಟಾ ಕೊಟ್ಟು ಮನೆಗೆ ಹೋಗಿ ಎಂದು ಕಳಿಸಿದರು. ಆ ಗುಂಪಿನಲ್ಲಿ ಎಂ.ಕಾಂ. ಆದವರೂ ಇದ್ದರು. ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿ ಕ್ಯಾಂಪಸ್ ಇರುವುದೂ ಅದೇ ಕಲೀನಾದಲ್ಲಿ. ಅದೇ ವರ್ಷ ಮಹಾರಾಷ್ಟ್ರ ಪೊಲೀಸ್ ಇಲಾಖೆಯ 17,471 ಹುದ್ದೆಗಳಿಗೆ 17 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಕೇಳಿದ್ದು ಹನ್ನೆರಡನೆಯ ತರಗತಿ. ಅರ್ಜಿ ಹಾಕಿದವರಲ್ಲಿ ಇಂಜಿನಿಯರುಗಳೂ ಇದ್ದರು. ಒಂದು ಜಾಗಕ್ಕೆ ನೂರು ಜನ ನಿಂತಿರುವಾಗ ಉಳಿದ ತೊಂಬತ್ತೊಂಬತ್ತು ಮಂದಿಯ ಬಿ.ಎ., ಬಿ.ಎಸ್‌ಸಿ.ಯನ್ನು ತಿರುವಿ ತಪ್ಪು ಹುಡುಕುತ್ತಾ ಕೂರುವುದು ಎಂಥ ವಿವೇಕ?

ಈ ಉಪದೇಶ ನಮ್ಮ ಹಿರಿಯರ ಬಾಯಲ್ಲಿ ಬಂದಾಗಲಂತೂ ಸಿಟ್ಟು ತಡೆಯಲಾಗುವುದಿಲ್ಲ. ಮುಂಬಯಿ ಕನ್ನಡಿಗರ ಚರಿತ್ರೆ ಅವರಿಗೇ ಗೊತ್ತಿದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಮೊಗವೀರರ, ಬಿಲ್ಲವರ ಸಂಘಟನೆಗಳು ನಡೆಸುತ್ತಿದ್ದ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಬಿ.ಎ.ಯನ್ನೋ ಬಿ.ಕಾಂ. ಅನ್ನೋ ಹೇಗೋ ಮುಗಿಸಿ ಬ್ಯಾಂಕಿಗೆ ಸೇರಿದವರು ಎಷ್ಟು ಮಂದಿ! ಆಗ ಬ್ಯಾಂಕಿನವರು ನೀನು ಓದಿದ್ದು ಅರ್ಥಶಾಸ್ತ್ರವೋ ಕನ್ನಡ ಸಾಹಿತ್ಯವೋ ಎಂದು ಕೇಳಲಿಲ್ಲ. ಡಿಗ್ರಿ ಇದೆಯೇ, ಪರೀಕ್ಷೆ ಪಾಸೇ, ಬಾ ಎಂದರು. ಲೆಡ್ಜರು ಬರೆಯುವುದನ್ನು ಕೌಂಟರಿನಲ್ಲೇ ಕಲಿಸಿದರು. ಆ ಸಂಬಳದಲ್ಲಿ ಡೊಂಬಿವಲಿಯಲ್ಲಿ, ಠಾಣೆಯಲ್ಲಿ ಮನೆ ಮಾಡಿದರು, ಊರಿನಲ್ಲಿ ತಂಗಿಯರ ಮದುವೆ ಮಾಡಿದರು.

ಆ ಬ್ಯಾಂಕುಗಳಲ್ಲಿ ಹಲವು ನಮ್ಮ ಮಣ್ಣಿನವೇ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳತ್ವದಲ್ಲಿ ಹುಟ್ಟಿದ ಕಾರ್ಪೊರೇಷನ್, 1925ರಲ್ಲಿ ಟಿ.ಎಂ.ಎ. ಪೈ ಮತ್ತು ಅವರ ಸಂಗಡಿಗರ ಸಿಂಡಿಕೇಟ್, 1931ರ ವಿಜಯಾ. ಇವುಗಳಲ್ಲಿ ಮೂರು ಇಂದು ಹೆಸರಿಗೂ ಉಳಿದಿಲ್ಲ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿಹೋದವು. ಅದಕ್ಕೂ ಮೊದಲು 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಹೊರಬಂದರು. ಅವರಲ್ಲಿ ನಮ್ಮವರೂ ಧಾರಾಳವಾಗಿ ಇದ್ದರು. ಬಿ.ಎ. ಅಂದಿನ ಬಿ.ಎ.ಯೇ. ಅದನ್ನು ನೋಡಿ ಕೆಲಸ ಕೊಡುತ್ತಿದ್ದ ಬಾಗಿಲು ಮುಚ್ಚಿತು. ತಾವು ಯಾವ ಬಾಗಿಲಿನಿಂದ ಒಳಗೆ ಹೋದರೋ ಅದು ಮುಚ್ಚುವಾಗ ಸುಮ್ಮನಿದ್ದು, ಈಗ ಹೊರಗೆ ನಿಂತ ಮೊಮ್ಮಗಳಿಗೆ ‘ನೀನು ಓದಿದ್ದು ಸರಿಯಿಲ್ಲ’ ಎನ್ನುವ ಅಧಿಕಾರ ಈ ಹಿರಿಯರಿಗೆ ಯಾರು ಕೊಟ್ಟರು?

ಸರಿ, ನೀವು ಹೇಳುವ ಆ ಸರಿಯಾದ ವಿಷಯವನ್ನೇ ಓದಿದವರ ಗತಿಯೇನು? 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೇನಿಗಳನ್ನು ಹೊರಗೆ ಕಳಿಸಿತು. ಅವರಲ್ಲಿ ಹಲವರು 2022ರಲ್ಲಿ ಆಫರ್ ಲೆಟರ್ ಪಡೆದು ಎರಡು ವರ್ಷ ಕಾದು ಸೇರಿದವರು. ಅದೇ ವರ್ಷ ಜುಲೈಯಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಸೈನ್ಸ್ ತಗೊಂಡಿದ್ದರು, ಕಂಪ್ಯೂಟರ್ ಮಾಡಿದ್ದರು, ಉಪದೇಶದ ಅಕ್ಷರ ಅಕ್ಷರವನ್ನೂ ಪಾಲಿಸಿದ್ದರು. ಅವರ ತಪ್ಪು ಯಾವುದು, ಹೇಳಿ.

ಈ ‘ಸರಿಯಾದ ವಿಷಯ’ದ ಭ್ರಮೆಯಿಂದ ಲಾಭವಾಗುತ್ತಿರುವುದು ಅದನ್ನು ಮಾರುವವರಿಗೆ. ಮುಂಬಯಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸಾದಾ ಬಿ.ಕಾಂ. ಪಕ್ಕದಲ್ಲೇ ಬ್ಯಾಂಕಿಂಗ್ ಅಂಡ್ ಇನ್ಶೂರೆನ್ಸ್, ಅಕೌಂಟಿಂಗ್ ಅಂಡ್ ಫೈನಾನ್ಸ್, ಮ್ಯಾನೇಜ್‌ಮೆಂಟ್ ಸ್ಟಡೀಸ್ ಎಂಬ ಕೋರ್ಸುಗಳು ಅನುದಾನವಿಲ್ಲದೆ, ಹಲವು ಪಟ್ಟು ಫೀಸಿಗೆ ನಡೆಯುತ್ತವೆ. ಬ್ಯಾಂಕುಗಳು ಒಂದರೊಳಗೊಂದು ಸೇರಿ ಶಾಖೆಗಳು ಮುಚ್ಚುತ್ತಿದ್ದ ವರ್ಷಗಳಲ್ಲೇ ಬ್ಯಾಂಕಿಂಗ್ ಹೆಸರಿನ ಡಿಗ್ರಿ ಖರ್ಚಾಗುತ್ತಿತ್ತು. 2024ರಲ್ಲಿ ಮ್ಯಾನೇಜ್‌ಮೆಂಟ್ ಪದವಿಗಳು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂದು ಪ್ರವೇಶ ಪರೀಕ್ಷೆ ಕಡ್ಡಾಯವಾದಾಗ ಅನೇಕ ಕಾಲೇಜುಗಳು ಕೋರ್ಸಿನ ಹೆಸರನ್ನೇ ಬದಲಿಸಿ ಪರೀಕ್ಷೆಯಿಂದ ತಪ್ಪಿಸಿಕೊಂಡವು. ಪಾಠ ಅದೇ, ಮೇಷ್ಟ್ರು ಅವರೇ, ಬೋರ್ಡು ಮಾತ್ರ ಹೊಸದು. ರಾತ್ರೋರಾತ್ರಿ ಬದಲಾಗುವ ಇಂಥ ಹೆಸರಿನ ಮೇಲೆ ಹದಿನೇಳು ವರ್ಷದ ಮಗುವಿನ ಇಡೀ ಭವಿಷ್ಯ ನಿಂತಿದೆಯೆಂದು ನಂಬಿಸುವುದು ಮೋಸ.

ಸರ್ಕಾರಕ್ಕಂತೂ ಈ ಭ್ರಮೆ ಬಹಳ ಅನುಕೂಲ: ಕೊರತೆ ಮಕ್ಕಳದ್ದೆಂದರೆ ಕೆಲಸದ ಬದಲು ತರಬೇತಿ ಕೊಟ್ಟರೆ ಸಾಕು. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಯುವಕರ ಕಾರ್ಯ ತರಬೇತಿ ಯೋಜನೆ ತಂದಿತು. ಹನ್ನೆರಡನೆಯದು ಓದಿದವರಿಗೆ ತಿಂಗಳಿಗೆ 6,000, ಐಟಿಐ ಮತ್ತು ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿ. ಬಿ.ಎ.ಗೂ ಬಿ.ಇ.ಗೂ ಅದೇ ಹತ್ತು ಸಾವಿರ. ಮೊದಲು ಆರು ತಿಂಗಳು ಎಂದರು, ಆಮೇಲೆ ಹನ್ನೊಂದು ಎಂದು ಹಿಗ್ಗಿಸಿದರು. ಹನ್ನೆರಡನೆಯ ತಿಂಗಳಿನ ಮಾತನ್ನು ಮಾತ್ರ ಆಡಲಿಲ್ಲ. ಲೇಬರ್ ಏಜೆಂಟನ ಹನ್ನೊಂದು ತಿಂಗಳಿಗೂ ಸರ್ಕಾರದ ಹನ್ನೊಂದು ತಿಂಗಳಿಗೂ ಏನು ವ್ಯತ್ಯಾಸ?

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಾವು ಫ್ಲ್ಯಾಟ್ ಕೊಂಡು ನೆಲೆಸಿರುವ ಈ ನೆಲ ಬರಿಗಾಡಾಗಿರಲಿಲ್ಲ. 1970ರಲ್ಲಿ ಹುಟ್ಟಿದ ಸರ್ಕಾರಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ನವಿಮುಂಬಯಿ ಕಟ್ಟಲು ಠಾಣೆ, ಪನ್ವೇಲ್, ಉರಣ್ ಭಾಗದ 95 ಹಳ್ಳಿಗಳ ಭೂಮಿಗೆ ಕೈಹಾಕಿತು. ಗದ್ದೆ, ಉಪ್ಪಿನ ಮಡಿ ಕಳೆದುಕೊಂಡ ಆಗ್ರಿ, ಕೋಳಿ ಸಮುದಾಯಗಳ ಜನ ದಿ.ಬಾ. ಪಾಟೀಲರ ಹಿಂದೆ ನಿಂತು ಹೋರಾಡಿದರು. 1984ರ ಜನವರಿಯಲ್ಲಿ ಪೊಲೀಸರ ಗುಂಡಿಗೆ ಐವರು ಜೀವ ತೆತ್ತರು. ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ಜಮೀನು ಹಿಂದಿರುಗಿಸುವ ಯೋಜನೆ ಬಂದದ್ದು ಆ ರಕ್ತದಿಂದ. ಅವರ ಮಕ್ಕಳೂ ಇವತ್ತು ನಮ್ಮ ಮಕ್ಕಳ ಜೊತೆಯಲ್ಲೇ ಪನ್ವೇಲ್‌ನ ಕಾಲೇಜುಗಳಲ್ಲಿ ಓದುತ್ತಾರೆ, ಅದೇ ಏಜೆಂಟರ ಬಾಗಿಲಲ್ಲಿ ನಿಲ್ಲುತ್ತಾರೆ. ಕಾಮೋಠೆಯಿಂದ ಕೂಗಳತೆಯಲ್ಲಿ 19,650 ಕೋಟಿ ರೂಪಾಯಿಯ ವಿಮಾನ ನಿಲ್ದಾಣ ಎದ್ದಿದೆ. 2025ರ ಅಕ್ಟೋಬರ್ 8ರಂದು ಪ್ರಧಾನಿಯೇ ಬಂದು ಉದ್ಘಾಟಿಸಿದರು, ಡಿಸೆಂಬರ್ 25ರಿಂದ ವಿಮಾನಗಳು ಹಾರುತ್ತಿವೆ. ಅದಕ್ಕೆ ಯಾರ ಹೆಸರಿಡಬೇಕೆಂದು ವರ್ಷಗಟ್ಟಲೆ ಮೆರವಣಿಗೆಗಳಾದವು. ಪಾಟೀಲರ ಹೆಸರು ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಿಲ್ದಾಣದಲ್ಲಿ ಕಾಯಂ ಕೆಲಸ ಎಷ್ಟು, ಗುತ್ತಿಗೆ ಎಷ್ಟು, ಸುತ್ತಲಿನ ಊರುಗಳ ಮಕ್ಕಳಿಗೆ ಎಷ್ಟು ಎಂದು ಕೇಳುವ ಮೆರವಣಿಗೆಯಲ್ಲಿ ನಾವು ಕನ್ನಡಿಗರು ಎಷ್ಟು ಮಂದಿ ನಿಂತೆವು? ಭೂಮಿಪುತ್ರರ ಜಗಳ ನಮಗೇಕೆಂದು ಕಿಟಕಿ ಹಾಕಿಕೊಂಡೆವು. ಆ ಜಗಳ ನಮ್ಮ ಮಕ್ಕಳದ್ದೂ ಆಗಿತ್ತು.

ನಮ್ಮ ಕನ್ನಡ ಸಂಘಗಳ ಪ್ರತಿಭಾ ಪುರಸ್ಕಾರಗಳದ್ದು ಬೇರೆಯೇ ಕತೆ. ಶೇ. 95 ಬಂದವನಿಗೆ ಶಾಲು, ಇಂಜಿನಿಯರಿಂಗ್ ಸೀಟು ಸಿಕ್ಕವಳಿಗೆ ಫಲಕ. ಬಿ.ಎ. ಸೇರಿದವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಶಾಲು ಹೊದಿಸುವ ಅತಿಥಿ ಬಹಳ ಸಲ ಒಬ್ಬ ಉದ್ಯಮಿ: ಹೋಟೆಲುಗಳ ಮಾಲೀಕ, ಕಾರ್ಖಾನೆ ಇದ್ದವರು, ಕೇಟರಿಂಗ್, ಸಾರಿಗೆ ನಡೆಸುವವರು. ಕಷ್ಟಪಟ್ಟು ಮೇಲೆ ಬಂದವರು, ಅವರ ಬಗ್ಗೆ ಗೌರವವಿದೆ. ಆದರೆ ಒಳ್ಳೆಯ ವಿಷಯ ಓದಿ ಎಂದು ಮೈಕಿನಲ್ಲಿ ಹೇಳುವ ಉದ್ಯಮಿಯನ್ನು ‘ನಿಮ್ಮ ಆಫೀಸಿನಲ್ಲಿ ಎಷ್ಟು ಜನರನ್ನು ಕಲಿಸಿ ಬೆಳೆಸಿದಿರಿ’ ಎಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ರಾತ್ರಿ ಶಾಲೆ ಕಟ್ಟಿದ ತಲೆಮಾರು ಕೆಲಸ ಮಾಡುವ ಹುಡುಗನಿಗೆ ಓದು ಕೊಟ್ಟಿತು. ಓದಿದ ಹುಡುಗನಿಗೆ ಕೆಲಸ ಕಲಿಸುವುದು ಈ ತಲೆಮಾರಿನ ಪಾಲಿಗೆ ಬಂದ ಹೊಣೆ. ಅದನ್ನು ನಾವು ಫಲಕಕ್ಕೂ ಶಾಲಿಗೂ ಇಳಿಸಿಬಿಟ್ಟೆವು.

ಇದು ಬರೀ ಔದಾರ್ಯದ ಮಾತಲ್ಲ, ಕಾನೂನೇ ಹೇಳುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ, 2019ರಲ್ಲಿ ತಿದ್ದಿದ ನಿಯಮಗಳಂತೆ, ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 2014ರ ತಿದ್ದುಪಡಿಯಾದ ಮೇಲೆ ಇಂಜಿನಿಯರಿಂಗ್ ಓದದ ಪದವೀಧರರಿಗೂ ಅದರಲ್ಲಿ ಜಾಗವಿದೆ. ಬಿ.ಎ. ಆದವರನ್ನು ತೆಗೆದುಕೊಂಡು ಏನು ಕಲಿಸುವುದು ಎಂದು ಕೇಳುವವರು ಸಿಂಡಿಕೇಟ್ ಬ್ಯಾಂಕಿನ ಕೌಂಟರಿನಲ್ಲಿ ಏನು ಕಲಿಸಿದರೆಂದು ತಮ್ಮ ಮನೆಯ ನಿವೃತ್ತ ಮಾವನನ್ನೇ ಕೇಳಲಿ.

ಕಾಮೋಠೆ, ಖಾರ್ಘರ್, ಪನ್ವೇಲ್, ಡೊಂಬಿವಲಿಯ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಸದಸ್ಯರ ಪಟ್ಟಿಯಲ್ಲಿ ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಉದ್ಯಮಿಗಳು ಯಾರೆಂದು ನಿಮಗೆ ಗೊತ್ತು. ಅವರಿಗೆ ಪತ್ರ ಬರೆಯಿರಿ. ಈ ವರ್ಷ ಎಷ್ಟು ಅಪ್ರೆಂಟಿಸರನ್ನು ತೆಗೆದುಕೊಂಡಿದ್ದೀರಿ, ಅವರಲ್ಲಿ ಆರ್ಟ್ಸ್, ಕಾಮರ್ಸ್ ಓದಿದವರು ಎಷ್ಟು, ತರಬೇತಿ ಮುಗಿದ ಮೇಲೆ ಎಷ್ಟು ಮಂದಿಯನ್ನು ಕಾಯಂ ಮಾಡಿದಿರಿ ಎಂದು ಕೇಳಿರಿ. ಬಂದ ಉತ್ತರವನ್ನು ಸಂಘದ ವಾರ್ಷಿಕ ವರದಿಯಲ್ಲಿ ಹೆಸರು ಸಮೇತ ಅಚ್ಚು ಹಾಕಿರಿ. ಉತ್ತರ ಕೊಡದವರ ಹೆಸರನ್ನೂ ಹಾಕಿರಿ.